ದಸ್ತಗೀರ ಬದುಕಿದ್ದಾನೆಂಬ ಸುದ್ದಿ

ಕಪಾಟು ಒರೆಸುವಾಗ ಹಳೆಯ ಸ್ಯಾಟಲೈಟ್ ಫೋನು ಕೈಗೆ ಸಿಕ್ಕಿತು. ಹೆಬ್ಬೆರಳು ದಪ್ಪದ ಅಂಟೆನಾ, ಉಬ್ಬಿಹೋದ ಬ್ಯಾಟರಿ. ಮೂಗಿಗೆ ಹಿಡಿದರೆ ಈಗಲೂ ಡೀಸೆಲ್ ವಾಸನೆ. ಅಥವಾ ನನಗೆ ಹಾಗೆ ಅನ್ನಿಸುತ್ತದೆ. ದೃಢಪಡದ್ದನ್ನು ಬರೆಯಬಾರದು ಎಂಬುದು ನನ್ನ ಹಳೆಯ ಕಸುಬಿನ ನಿಯಮ, ಹಾಗಾಗಿ ವಾಸನೆಯ ಮಾತು ಇಲ್ಲಿಗೇ ಬಿಡೋಣ.

ಆ ಕಸುಬು ಯುದ್ಧದ ವರದಿ. ತೊಂಬತ್ತರ ದಶಕದಲ್ಲಿ ಬೈಲಹೊಂಗಲದಿಂದ ಒಂದು ಪತ್ರಿಕೆಗೆ ಸುದ್ದಿ ಕಳಿಸುತ್ತಿದ್ದೆ: ಸವದತ್ತಿಯ ಹತ್ತಿ ದರ, ಕಿತ್ತೂರ ಬಳಿ ಹೆದ್ದಾರಿಯಲ್ಲಿ ಮಗುಚಿದ ಲಾರಿ, ರಾಮದುರ್ಗದ ಓಣಿಗೆ ಹೊಕ್ಕ ಮಲಪ್ರಭೆ. ಅಲ್ಲಿಂದ ದಿಲ್ಲಿ, ದಿಲ್ಲಿಯಿಂದ ಒಂದು ವಿದೇಶಿ ಸುದ್ದಿಸಂಸ್ಥೆ, ಅದರ ದೆಸೆಯಿಂದ ಕಾಬೂಲು, ಬಗ್ದಾದು. ಊರಿಗೆ ಬಂದಾಗ ಜನ ಕೇಳುತ್ತಿದ್ದುದು ಒಂದೇ: "ಗುಂಡು ಹಾರೂದು ಖರೇನ ಕಣ್ಣಿಗೆ ಕಾಣತೈತೇನ್ರಿ?" ಕಾಣುವುದಿಲ್ಲ. ನಾನು ನೋಡಿದ್ದು ಹೆಚ್ಚಾಗಿ ಆಸ್ಪತ್ರೆಯ ದಾಖಲೆ ಪುಸ್ತಕ, ಮುಚ್ಚಿದ ಅಂಗಡಿ, ಚಹಾಕ್ಕೆ ಕಾಯುವ ಸೈನಿಕರು. ಇದನ್ನು ಹೇಳಿದರೆ ಕೇಳಿದವರ ಮುಖ ಸಪ್ಪಗಾಗುತ್ತಿತ್ತು.

ಇರಾಕಿನಲ್ಲಿ ಯುದ್ಧ ಶುರುವಾದ ಮರುವರ್ಷ ಬಸ್ರಾದ ಒಂದು ಆಸ್ಪತ್ರೆಯಲ್ಲಿ ಗಾಯಾಳುಗಳ ಹೆಸರು ಬರೆದುಕೊಳ್ಳುತ್ತಿದ್ದೆ. ಮೂಲೆಯ ಮಂಚದಿಂದ ಕನ್ನಡ ಕೇಳಿಸಿತು.

"ಏ ಪೇಪರದಾಂವಾ! ಗುರುತು ಸಿಗಲಿಲ್ಲೇನಲೇ?"

ದಸ್ತಗೀರ. ಬೈಲಹೊಂಗಲದ ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದವನು, ಈಗ ಕುವೈತಿನಿಂದ ಇರಾಕಿಗೆ ಲಾರಿ ಓಡಿಸುತ್ತಿದ್ದ. ದಾರಿಯಲ್ಲಿ ಬಾಂಬು ಸಿಡಿದು ಎಡಗಾಲು ಮುರಿದಿತ್ತು. ಜೀವಕ್ಕೆ ಅಪಾಯವಿಲ್ಲ ಎಂದರು ಡಾಕ್ಟರು. ಎಕ್ಸ್‌-ರೇ ನಾನೇ ನೋಡಿದೆ.

"ಮನಿಗೆ ಒಂದ್ ಮಾತ್ ತಿಳಸೋ," ಎಂದ.

ಅವನ ಮನೆಯಲ್ಲಿ ಫೋನಿರಲಿಲ್ಲ. ಅಂಗಳಕ್ಕೆ ಹೋಗಿ ಈ ಸ್ಯಾಟಲೈಟ್ ಫೋನಿನಿಂದ ಅವನ ಮನೆ ಪಕ್ಕದ ಬಟ್ಟೆ ಅಂಗಡಿಯ ಈರಣ್ಣನವರಿಗೆ ಕರೆ ಮಾಡಿ, ಖಚಿತವಾಗಿ ತಿಳಿದಷ್ಟನ್ನೇ ಹೇಳಿದೆ. "ದಸ್ತಗೀರನ ಕಾಲಿಗೆ ಪೆಟ್ಟಾಗೇತಿ. ದವಾಖಾನ್ಯಾಗ ಅದಾನ. ಗಾಬರಿ ಆಗಬ್ಯಾಡ್ರಿ ಅಂತ ಮನ್ಯಾಗ ಹೇಳ್ರಿ."

ಈರಣ್ಣ ದನಿ ತಗ್ಗಿಸಿ, "ಆತ್ರಿ," ಎಂದು ಫೋನಿಟ್ಟರು. ಇಷ್ಟು ಅಚ್ಚುಕಟ್ಟಾದ ಸುದ್ದಿಯನ್ನು ಬಗ್ದಾದಿನಿಂದಲೂ ಕಳಿಸಿರಲಿಲ್ಲ ಎಂದು ನನಗೆ ನಾನೇ ಶಹಬ್ಬಾಸ್ ಹೇಳಿಕೊಂಡೆ.

ನೀವು ನಮ್ಮ ಕಡೆಯವರಾದರೆ ನನ್ನ ತಪ್ಪು ಈಗಾಗಲೇ ನಿಮಗೆ ಹೊಳೆದಿರುತ್ತದೆ. ನಮ್ಮಲ್ಲಿ ಸಾವಿನ ಸುದ್ದಿಯನ್ನು ಯಾರೂ ಫೋನಿನಲ್ಲಿ ಹೇಳುವುದಿಲ್ಲ. ಆರಾಮಿಲ್ಲ, ದವಾಖಾನ್ಯಾಗ ಅದಾರ, ಗಾಬರಿ ಆಗಬ್ಯಾಡ್ರಿ ಎನ್ನುತ್ತಾರೆ. ಕೇಳಿದವರು ಅರ್ಥ ಮಾಡಿಕೊಂಡು ಬಸ್ಸು ಹತ್ತುತ್ತಾರೆ.

ಮರುದಿನ ಮತ್ತೆ ಫೋನ್ ಮಾಡಿದಾಗ ಹಿಂದೆ ಅಳು ಕೇಳಿಸಿತು. ರಾಮದುರ್ಗದಿಂದ ಬೀಗರು ಬಂದುಬಿಟ್ಟಿದ್ದರು. ಈರಣ್ಣ ಶೋಕಕ್ಕೆಂದು ಅಂಗಡಿಯ ಬಾಗಿಲು ಅರ್ಧ ಎಳೆದಿದ್ದರಂತೆ.

"ಯಾವಾಗ ತರತಾರ್ರಿ?" ಎಂದು ಮೆಲ್ಲಗೆ ಕೇಳಿದರು.

"ಏನ್ ತರೂದ್ರಿ? ಕಾಲು ಕೂಡಿದ ಮ್ಯಾಲ ತಾನ ಬರತಾನ!"

"ಹೌದ್ರಿ, ಹಂಗ ಹೇಳಬೇಕ. ನಾನೂ ಮನ್ಯಾಗ ಏನೂ ಬಿಡಿಸಿ ಹೇಳಿಲ್ರಿ. ಅವರ ತಿಳಕೊಂಡ್ರು."

ಬದುಕಿದ್ದಾನೆಂದು ನಾನು ಹೇಳಿದಷ್ಟೂ ದಸ್ತಗೀರ ಬೈಲಹೊಂಗಲದಲ್ಲಿ ಇನ್ನಷ್ಟು ಸಾಯುತ್ತಿದ್ದ. ಕೊನೆಗೆ ಅವನ ಹೆಂಡತಿ ಮೆಹರುನ್ನೀಸಾಳನ್ನೇ ಫೋನಿಗೆ ಕರೆಸಿದೆ. ಅವಳ ಬಳೆ ತೆಗೆಸಬೇಕೆಂದು ಹೆಂಗಸರು ಬೆಳಗಿನಿಂದ ಸುತ್ತ ಕೂತಿದ್ದರಂತೆ. ಅವಳು ಎರಡೂ ಕೈಗಳನ್ನು ಸೆರಗಿನಲ್ಲಿ ಬಿಗಿದುಕೊಂಡಿದ್ದಳಂತೆ.

"ಅಣ್ಣಾರ, ನಮ್ಮ ಮಾವಾರು ಸವದತ್ತ್ಯಾಗ ತೀರಿಕೊಂಡಾಗ ಫೋನ್ ಮಾಡಿದವರು ನೀವ. ಅವತ್ತೂ ಹಿಂಗ ಅಂದಿದ್ರಿ."

ಅಂದಿದ್ದೆ. ಇದೇ ಅಂಗಡಿಗೆ, ಇದೇ ಮಾತು, ಇದೇ ತಣ್ಣಗಿನ ದನಿಯಲ್ಲಿ. ನನ್ನ ತಾಳ್ಮೆ ತಪ್ಪಿಹೋಯಿತು.

"ಎಂಥಾ ಮಂದಿ ಅದೀರವಾ ನೀವು! ಇಲ್ಲಿ ಅಂವ ಊಟ ಸಪ್ಪಗ ಐತಿ ಅಂತ ದವಾಖಾನಿ ಮಂದೀ ಜೀವಾ ತಿನ್ನಾಕಹತ್ಯಾನ, ಅಲ್ಲಿ ನೀವು ಅಳಕೋತ ಕುಂತೀರಿ! ನಿನಗರ ಬುದ್ಧಿ ಬ್ಯಾಡೇನ ತಂಗಿ? ನಾಳಿ ಮಧ್ಯಾಹ್ನ ಅಂಗಡ್ಯಾಗ ಬಂದು ಕುಂಡ್ರು, ಅವನ ಬಾಯಿಂದನ ಹೇಳಸ್ತೇನಿ!"

ಅಷ್ಟು ವರ್ಷಗಳಲ್ಲಿ ಯಾವ ಸೈನಿಕನ ಮೇಲೂ, ಯಾವ ಅಧಿಕಾರಿಯ ಮೇಲೂ ನಾನು ಹಾಗೆ ಕೂಗಾಡಿರಲಿಲ್ಲ. ವಿಧವೆಯಾದೆನೋ ಏನೋ ಎಂದು ಹೆದರಿ ಕೂತಿದ್ದ ಹೆಣ್ಣುಮಗಳ ಮೇಲೆ ಕೂಗಾಡಿದೆ. ದಿನವಿಡೀ ನಾಚಿಕೆಯಾಯಿತು.

ಸ್ಯಾಟಲೈಟ್ ಫೋನಿಗೆ ಆಕಾಶ ಕಾಣಬೇಕು. ಛಾವಣಿಯ ಕೆಳಗೆ ಅದು ಬರೀ ಇಟ್ಟಿಗೆ. ಮಾರನೆಯ ದಿನ ಇಬ್ಬರು ಸಿಬ್ಬಂದಿಯನ್ನು ಕಾಡಿ ಬೇಡಿ ದಸ್ತಗೀರನನ್ನು ಮಂಚಸಮೇತ ಅಂಗಳಕ್ಕೆ ಎಳೆದು ತಂದೆ. ನಡೆದದ್ದನ್ನು ಕೇಳಿ ಅವನು ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಕ್ಕ. ಆಮೇಲೆ ಫೋನಿಗೆ ಬಾಯಿಟ್ಟು ಗದರಿದ: "ಈರಣ್ಣಾರ, ಮೊದಲ ಅಂಗಡಿ ಬಾಗಲಾ ತಗೀರಿ! ನಾ ಇನ್ನಾ ಅದೇನಿ!" ಆ ಕಡೆ ಅಳು ನಿಂತಿತು. ಯಾರೋ ನಕ್ಕರು. ಗದ್ದಲದಲ್ಲಿ ಮುಂದಿನದು ಕೇಳಿಸಲಿಲ್ಲ.

ಈಗ ದಸ್ತಗೀರ ಕಿತ್ತೂರಿನ ಹೆದ್ದಾರಿ ಪಕ್ಕ ಚಹಾದಂಗಡಿ ಇಟ್ಟಿದ್ದಾನೆ, ಸ್ವಲ್ಪ ಕುಂಟುತ್ತಾನೆ. ಫೋನು ಸಿಕ್ಕಿತೆಂದು ಹೇಳಲು ನಿನ್ನೆ ಅಲ್ಲಿಗೆ ಹೋಗಿದ್ದೆ. ಒಳಗೆ ಮೆಹರುನ್ನೀಸಾ ಚಹಾ ಸೋಸುತ್ತಿದ್ದಳು. ಕೇಳದೆ ಬಿಟ್ಟಿದ್ದ ಪ್ರಶ್ನೆಯೊಂದು ನೆನಪಾಯಿತು.

"ಅವತ್ತು ಇವನ ದನಿ ಕೇಳಿದ ಮ್ಯಾಲರ ಪೂರಾ ನಂಬಿಕಿ ಬಂತೇನ ತಂಗಿ?"

"ದನಿ ಕೇಳಿಸಿದ್ದು ಮಂದಿ ನಂಬಲಿ ಅಂತ, ಅಣ್ಣಾರ. ನಾ ಹಿಂದಿನ ದಿನಾನ ನಂಬಿದ್ನಿ."

"ಹೆಂಗ?"

"ನೀವು ನನ್ನ ಬೈದ್ರಲ್ಲಾ, ಅವಾಗ. ಗಂಡ ಸತ್ತಾಕೀನ್ನ ಯಾರರ ಹಂಗ ಬೈತಾರೇನ್ರಿ? ಮನಿಗೆ ಹೋಗಿ ಎರಡ್ ರೊಟ್ಟಿ ತಿಂದು ಮಕ್ಕೊಂಡ್ನಿ."

ಚಹಾ ಬಂತು. ಡಾಕ್ಟರ ಮಾತು, ನಾನೇ ನೋಡಿದ ಎಕ್ಸ್‌-ರೇ, ಒಂದೂ ಅವಳಿಗೆ ಬೇಕಾಗಿರಲಿಲ್ಲ. ಇಷ್ಟು ವರ್ಷ ನಾನು ನಾಚಿಕೊಂಡೇ ಇದ್ದ ಆ ಕೂಗಾಟವನ್ನು ಹೊದ್ದುಕೊಂಡು ಅವಳು ಆ ರಾತ್ರಿ ನಿದ್ದೆ ಮಾಡಿದ್ದಳು.