ಅಡಕತ್ತರಿಗೆ ಸಿಕ್ಕ ಗುಳಿಗೆ

ಬಾಗಲಕೋಟೆಯಲ್ಲಿ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾಗ ನಾನೊಂದು ರೋಬೋಟ್ ಮಾಡಿದೆ. ನಗಬೇಡಿ. ಇಸವಿ ಎರಡು ಸಾವಿರ ದಾಟಿ ಒಂದೆರಡು ವರ್ಷವಾಗಿತ್ತು, ಅಷ್ಟೆ. ಇಳಕಲ್ಲಿನ ನಮ್ಮ ಓಣಿಯಲ್ಲಿ ಆಗ ಫೋನಿದ್ದ ಮನೆಗಳನ್ನೇ ಬೆರಳು ಮಡಚಿ ಎಣಿಸಬಹುದಿತ್ತು.

ಅದನ್ನು ಮಾಡಿದ್ದು ನನ್ನ ಆಯಿಗಾಗಿ, ಅಂದರೆ ಅಪ್ಪನ ತಾಯಿಗಾಗಿ. ಬಿ.ಪಿ. ಏರಿ ಒಂದು ದಿನ, ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗದ ಕುಣಿಯಲ್ಲೇ ತಲೆ ತಿರುಗಿ ಒರಗಿಬಿಟ್ಟಿದ್ದಳು. ಡಾಕ್ಟರು ದಿನಕ್ಕೊಂದು ಗುಳಿಗೆ ಬರೆದು, "ಬಿ.ಪಿ. ಇಳೀಲಿಲ್ಲಂದ್ರ ಮಗ್ಗ ಬಂದ್ ಮಾಡಬೇಕ್ ನೋಡ್ರಿ ಅಮ್ಮಾ" ಎಂದಿದ್ದರು. ಊಟ ಬಿಡು ಅಂದಿದ್ದರೆ ಬಿಡುತ್ತಿದ್ದಳೇನೋ, ಮಗ್ಗ ಬಿಡುವವಳಲ್ಲ. ಆದರೂ ಗುಳಿಗೆಯನ್ನು ಮಾತ್ರ ದಿನಾ ಮರೆಯುತ್ತಿದ್ದಳು.

ಹಿಟ್ಟಿನ ಡಬ್ಬಿಯೊಂದಕ್ಕೆ ಆಟಿಕೆ ಲಾರಿಯ ಗಾಲಿ ಜೋಡಿಸಿದೆ. ಒಳಗೆ ಬ್ಯಾಟರಿ, ಮೋಟಾರು, ಗಡಿಯಾರ ತುರುಕಿ, ನನ್ನ ದನಿಯನ್ನೂ ತುಂಬಿದೆ. ಬೆಳಿಗ್ಗೆ ಒಂಬತ್ತಕ್ಕೆ ಅದು ಗೋಡೆಯ ಬದಿಯಿಂದ ಹೊರಟು ಕುಣಿಯ ದಂಡೆಗೆ ಬಂದು, "ಆಯೀ, ಗುಳಿಗಿ ತಗೋ" ಎಂದು ಕರೆದು ಒಂದು ಗುಳಿಗೆ ಬೀಳಿಸಬೇಕು. ರಜೆಯಲ್ಲಿ ತಂದು ಬಿಟ್ಟ ಮೊದಲ ದಿನವೇ ನೆಲದ ಮೇಲಿನ ನೂಲಿನ ಚೂರೆಲ್ಲ ಗಾಲಿಗೆ ಸುತ್ತಿಕೊಂಡು ನಡುಮನೆಯಲ್ಲಿ ನಿಂತು ಗುರ್ರೆಂದಿತು.

"ನೂಲ್ ತಿಂತತಿ ನಿನ್ನ ಯಂತ್ರ! ಮದ್ಲ ಅದಕ್ಕ ಗುಳಿಗಿ ಹಾಕ" ಎಂದಳು ಆಯಿ.

ಎದುರಿಗೆ ಕೂತು ಕಂಡಿಕೆಗೆ ನೂಲು ಸುತ್ತುತ್ತಿದ್ದ ಬೂಬು ಬಿದ್ದು ಬಿದ್ದು ನಕ್ಕಳು. ಬೂಬು ಪಕ್ಕದ ಮನೆಯವಳು, ಆಯಿಯ ನಲವತ್ತು ವರ್ಷದ ಗೆಳತಿ. ಬೆಳಗಾದರೆ ನಮ್ಮಲ್ಲೇ ಕೂತು ಕಂಡಿಕೆ ಸುತ್ತುವುದು, ಹರಟುವುದು. ನಾನು ಮುಖ ಗಂಟಿಕ್ಕಿಕೊಂಡು ಗಾಲಿಗೆ ತಗಡಿನ ಮರೆ ಕಟ್ಟಿದೆ. ರೋಬೋಟ್ ಸರಿಹೋಯಿತು, ನಾನು ಹಾಸ್ಟೆಲಿಗೆ ವಾಪಸಾದೆ.

ಹದಿನೈದು ದಿನ ಬಿಟ್ಟು ಬಂದು ಆಯಿಯನ್ನು ದವಾಖಾನೆಗೆ ಕರೆದೊಯ್ದರೆ ಬಿ.ಪಿ. ಇಳಿದೇ ಇಲ್ಲ! ಡಬ್ಬಿಯಲ್ಲಿ ತುಂಬಿಟ್ಟಿದ್ದ ಹದಿನೈದು ಗುಳಿಗೆಯೂ ಖಾಲಿ. ನನಗೆ ಮೈಯೆಲ್ಲ ಉರಿಯಿತು. ಗುಳಿಗೆ ಮಾಡಿದವರಿಗೆ, ಡಾಕ್ಟರಿಗೆ, ಅವರ ಬಿ.ಪಿ. ಯಂತ್ರಕ್ಕೆ, ಎಲ್ಲರಿಗೂ ಮನಸಾರೆ ಬೈದೆ. ನನ್ನ ರೋಬೋಟಿಗೆ ಮಾತ್ರ ಏನೂ ಅನ್ನಲಿಲ್ಲ.

ಡಬ್ಬಿಗೆ ಮತ್ತೆ ಗುಳಿಗೆ ತುಂಬಿ, ಮರುದಿನ ಬಾಗಿಲ ಬಳಿ ಕಾದು ಕೂತೆ. ಒಂಬತ್ತಕ್ಕೆ ರೋಬೋಟ್ ಬಂತು, ಕರೆಯಿತು, ಗುಳಿಗೆ ಬೀಳಿಸಿತು. ಆಯಿ ಎಲೆಯಡಿಕೆ ಸಂಚಿಯಿಂದ ಅಡಕತ್ತರಿ ತೆಗೆದು ಗುಳಿಗೆಯನ್ನು ಕಟಕ್ಕೆಂದು ಎರಡು ಮಾಡಿದಳು. ಅರ್ಧ ತನ್ನ ಬಾಯಿಗೆ, ಇನ್ನರ್ಧ ಬೂಬುವಿನ ಅಂಗೈಗೆ. ಬೂಬು ಬಿಸ್ಮಿಲ್ಲಾ ಎಂದು ನುಂಗಿದಳು.

"ಆಯೀ! ಏನ್ ಮಾಡಾಕತ್ತೀ?" ಎಂದು ಚೀರಿದೆ.

"ಯಾಕ ಒದರ್ತಿ? ಆಕಿ ಮುಂದ ಕುಂತಿರ್ತಾಳ. ನಾ ಒಬ್ಬಾಕಿನ ಹ್ಯಾಂಗ ತಿನ್ಲಿ?"

"ಅದೇನ್ ಶೇಂಗಾ ಚಿಕ್ಕಿ ಅಲ್ಲ!"

"ನಲವತ್ತು ವರ್ಷ ಎಲಿಅಡಕಿ ಅರ್ಧ, ಭಜಿ ಅರ್ಧ. ಈಗ ಗುಳಿಗಿಗೆ ಸಣ್ಣತನ ಮಾಡ್ಲೇನು?"

ಬೂಬು ನನ್ನನ್ನು ಸಮಾಧಾನಪಡಿಸಲು ಹೋದಳು. "ನನಗೂ ಛಲೋ ಆಗೇತಿ ಬೇಟಾ. ಮುಂಜಾನಿ ಕಣ್ಣಿಗೆ ಕತ್ತಲಿ ಬರ್ತಿತ್ತು, ಈಗ ಕಡಿಮಿ."

ಡಬ್ಬಿಗೆ ಇನ್ನೊಂದು ತೂತು ಕೊರೆದು, ಬೂಬುವಿಗೆಂದು ಒಂದು ಪೆಪರ್ಮಿಂಟ್ ಬೀಳುವಂತೆ ಮಾಡಿದೆ. ಮರುದಿನ ಬೆಳಿಗ್ಗೆ ಅಡಕತ್ತರಿ ಎರಡನ್ನೂ ಅರ್ಧ ಮಾಡಿತು.

ಆಗ ಸಿಟ್ಟಿನ ಭರದಲ್ಲಿ ಇಬ್ಬರನ್ನೂ ಎಳೆದುಕೊಂಡು ಹೋಗಿ ಡಾಕ್ಟರ ಮುಂದೆ ಕೂರಿಸಿ, ನಡೆದದ್ದನ್ನೆಲ್ಲ ಹೇಳಿಬಿಟ್ಟೆ. "ಹಿಂಗಾದ್ರ ಮಗ್ಗ ಇವತ್ತಿಂದನ ಬಂದ್ ರೀ ಅಮ್ಮಾ" ಎಂದರು ಡಾಕ್ಟರು. ಆಯಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತತೊಡಗಿದಳು. ಡಾಕ್ಟರು ನಗುನಗುತ್ತಲೇ ಬೂಬುವಿನ ತೋಳಿಗೆ ಪಟ್ಟಿ ಸುತ್ತಿದರು. ಆಮೇಲೆ ನಗು ನಿಲ್ಲಿಸಿ ಇನ್ನೊಮ್ಮೆ ಸುತ್ತಿದರು.

"ಇವರದು ನಿಮ್ಮದಕ್ಕಿಂತ ಭಾಳ ಹೆಚ್ಚೈತ್ರಿ" ಎಂದರು ಆಯಿಗೆ.

ಆಯಿ ಸ್ಟೂಲಿನಿಂದ ಎದ್ದು ನಿಂತಳು. "ನನ್ನ ಮಗ್ಗ ಬೇಕಾದ್ರ ಬಂದ್ ಮಾಡ್ರಿ ಸಾಹೇಬ್ರ. ಆಕಿಗೆ ಪೂರಾ ಗುಳಿಗಿ ಬರದು ಕೊಡ್ರಿ." ಅಷ್ಟು ಹೊತ್ತು ಕುದಿಯುತ್ತಿದ್ದ ನನಗೆ ಅಳುವೇ ಬಂತು.

ಡಾಕ್ಟರು ಮಗ್ಗ ಬಂದ್ ಮಾಡಿಸಲಿಲ್ಲ. ಬೂಬುವಿಗೂ ಅದೇ ಗುಳಿಗೆ ಬರೆದು, ಇಬ್ಬರೂ ಇಡೀ ಗುಳಿಗೆ ನುಂಗಬೇಕೆಂದು ತಾಕೀತು ಮಾಡಿ ಒಂದು ತಿಂಗಳು ಕೊಟ್ಟರು. ಪೆಪರ್ಮಿಂಟಿನ ತೂತಿನಲ್ಲಿ ಗುಳಿಗೆ ತುಂಬಿ ನಾನು ಬಾಗಲಕೋಟೆಗೆ ಹೋದೆ. ತಿಂಗಳು ಕಳೆದು ನೋಡಿದರೆ ಇಬ್ಬರ ಬಿ.ಪಿ.ಯೂ ಇಳಿದಿತ್ತು. "ಇನ್ನ ನೇಯ್ರಿ ಅಮ್ಮಾ, ಆದ್ರ ಗುಳಿಗಿ ಬಿಡಬ್ಯಾಡ್ರಿ" ಎಂದರು ಡಾಕ್ಟರು.

ಆದರೂ ನನಗೆ ನಂಬಿಕೆಯಿಲ್ಲ. ಮರುದಿನ ಮತ್ತೆ ಬಾಗಿಲ ಬಳಿ ಕೂತೆ. ರೋಬೋಟ್ ಬಂದು ಎರಡು ಗುಳಿಗೆ ಬೀಳಿಸಿತು, ಎರಡೂ ಒಂದೇ ಬಿಳುಪು, ಒಂದೇ ಅಳತೆ. ಅಡಕತ್ತರಿ ಸಂಚಿಯಲ್ಲೇ ಇತ್ತು. ಆಯಿ ತನ್ನ ಗುಳಿಗೆಯನ್ನು ಬೂಬುವಿನ ಕೈಗಿಟ್ಟಳು. ಬೂಬು ತನ್ನದನ್ನು ಆಯಿಯ ಕೈಗಿಟ್ಟಳು. ಇಬ್ಬರೂ ನೀರು ಕುಡಿದು ನುಂಗಿದರು.

ಬೂಬು ಸುತ್ತಿದ ಕಂಡಿಕೆ ತಗೊಂಡು ಆಯಿ ಲಾಳಿಗೆ ಹಾಕಿ ನೇಯತೊಡಗಿದಳು.