ಕುರಿ ಮೇಯುವ ಬಯಲಿನ ಕೋಟೆ

ಆ ಕೋಟೆಯನ್ನು ಗುರುತಿಸಿದ್ದು ನಾನಲ್ಲ. ನೀವು, ಶರಣಪ್ಪನವರೇ. ದಾಖಲೆಯಲ್ಲಿ ನನ್ನ ಹೆಸರಿದೆ — ನಾನೇ ಬರೆಸಿದ್ದು.

ಹಿಮಾಯತ್‌ನಗರದ ನಮ್ಮ ನಕ್ಷೆ ಆಫೀಸಿಗೆ ಇಂಗ್ಲೆಂಡಿನ ಹೊಲಗಳನ್ನು ವಿಮಾನದಿಂದ ಅಳೆದ ಚಿತ್ರಗಳು ಬರುತ್ತಿದ್ದವು. ನೆಲದ ಉಬ್ಬುತಗ್ಗು ನೋಡಿ ಹಳೆಯ ಕಟ್ಟಡಗಳ ಕುರುಹು ಹುಡುಕಬೇಕು. ಬೇರೆ ನಕ್ಷೆಯಾಗಲಿ ಇಂಟರ್‌ನೆಟ್ಟಾಗಲಿ ನೋಡುವಂತಿಲ್ಲ, ಕಣ್ಣಿಗೆ ಕಂಡದ್ದಷ್ಟೇ. ನೀವು ಗುರುತು ಹಾಕುವವರು, ನಾನು ತಪಾಸಣೆ ಮಾಡುವವಳು. ಅನುಮಾನ ಪಡುವುದೇ ನನ್ನ ಕೆಲಸ — ಹುಟ್ಟುಗುಣವೂ ಹೌದು.

ಕುರಿ ಮೇಯುವ ಬಯಲಿನ ಒಂದು ದಿಬ್ಬವನ್ನು ನಾನಾದರೆ ಬರೀ ಮಣ್ಣುಗುಡ್ಡೆ ಎಂದು ಬಿಟ್ಟುಬಿಡುತ್ತಿದ್ದೆ. ನೀವು ಬಿಡಲಿಲ್ಲ.

“ಅಕ್ಕಾರ, ಇದು ಮಣ್ಣಿನ ಕೋಟಿ ಐತ್ರಿ. ಸುತ್ತ ಖಂದಕ ನೋಡ್ರಿ, ಬಾಜೂಕ ಅಂಗಳ. ನಮ್ಮೂರಾಗ ಹುಡೇವು ಬಿದ್ದು ಹಿಂಗ ದಿಬ್ಬ ಆಗೈತಿ.”

ಹುಡೇವು ಎಂಬ ಹಳ್ಳಿಯ ಕಾವಲು ಗೋಪುರ ನೋಡಿ ಬೆಳೆದವರಿಗೆ ಇಂಗ್ಲೆಂಡಿನ ಕೋಟೆ ತಿಳಿಯುತ್ತದೆಯೇ? ಎಲ್ಲೋ ಕದ್ದು ನೋಡಿದ್ದೀರಿ ಅನ್ನಿಸಿತು. ಆಮೇಲೆ ನೀವು ಏನು ಮಾಡಿದರೂ ನನಗೆ ಅನುಮಾನವೇ: ಫೋನ್ ಹಿಡಿದು ಮೆಟ್ಟಿಲಿಗೆ ಹೋಗುವುದು, ನಾನು ಬಂದರೆ ಮಾತು ನಿಲ್ಲಿಸುವುದು, ಆ ಅತಿ ಮರ್ಯಾದೆ... ವಾರ ಕಾದು ಮ್ಯಾನೇಜರಿಗೆ ಬರೆದೆ: ನಿಯಮ ಮುರಿದಿದ್ದಾರೆ, ಕಣ್ಣಾರೆ ಕಂಡಿದ್ದೇನೆ. ಕಂಡಿರಲಿಲ್ಲ. ನಿಮ್ಮನ್ನು ಅಂದೇ ಕೆಲಸದಿಂದ ತೆಗೆದರು.

ಕೆಲವು ತಿಂಗಳಿಗೆ, ನಮಗೆ ಚಿತ್ರ ಕಳಿಸುವ ಇಂಗ್ಲೆಂಡಿನವರಿಂದ ಪತ್ರ ಬಂತು. ನೀವು ಗುರುತು ಹಾಕಿದಲ್ಲಿಗೆ ಅವರು ಹೋಗಿ ನೋಡಿದ್ದರು — ಒಂಬೈನೂರು ವರ್ಷದ ಹಿಂದಿನ, ನಾರ್ಮನ್ ದೊರೆಗಳ ಕಾಲದ ಮಣ್ಣಿನ ಕೋಟೆ. ಇದುವರೆಗೆ ಯಾವ ನಕ್ಷೆಯಲ್ಲೂ, ಯಾವ ಪಟ್ಟಿಯಲ್ಲೂ ಇರಲಿಲ್ಲವಂತೆ. ಅಂದರೆ ನೀವು ಕದ್ದು ನೋಡಲು ಎಲ್ಲಿಯೂ ಏನೂ ಇರಲಿಲ್ಲ. ಗುರುತಿಸಿದವರ ಹೆಸರು ಕೇಳಿದ್ದರು. ಆಗಲಾದರೂ — ಇಲ್ಲ. ನಿಮ್ಮ ಹೆಸರು ಹೇಳಿದರೆ ನನ್ನ ಸುಳ್ಳು ಬಯಲಾಗುತ್ತಿತ್ತು. ನನ್ನ ಹೆಸರು ಕೊಟ್ಟೆ.

ಕಳೆದ ತಿಂಗಳು, ಆರು ವರ್ಷದ ಮೇಲೆ, ಅಬಿಡ್ಸ್ ಪೇಟೆಯಲ್ಲಿ ಸಿಕ್ಕಿದಿರಿ. ಕುಷಾಯಿಗೂಡದಲ್ಲಿ ಝೆರಾಕ್ಸ್ ಅಂಗಡಿ ನೋಡಿಕೊಳ್ಳುತ್ತಿದ್ದೀರಂತೆ. “ನನ್ನ ಮ್ಯಾಲೆ ಯಾರು ಬರದ್ರೋ, ಇನ್ನೂ ಗೊತ್ತಾಗಿಲ್ರಿ ಅಕ್ಕಾರ,” ಅಂದಿರಿ. ಗೊತ್ತಿದ್ದೇ ಕೆಣಕುತ್ತಿದ್ದೀರೇನೋ ಎಂದು ನಿಮ್ಮ ಮುಖವನ್ನೇ ನೋಡಿದೆ. ಅಲ್ಲಿ ಏನೂ ಇರಲಿಲ್ಲ. ಬಲವಂತ ಮಾಡಿ ನನಗೆ ಚಹಾ ಕುಡಿಸಿದಿರಿ. ಕುಡಿದೆ. ನಾಚಿಕೆಯಾಗಬೇಕು ನನಗೆ.

ಇವತ್ತು ಇಂಗ್ಲೆಂಡಿನವರಿಗೂ ಮ್ಯಾನೇಜರಿಗೂ ಎಲ್ಲವನ್ನೂ ಬರೆದೆ. ಇದು ನಿಮಗೆ. ಈ ಕಾಗದವನ್ನು ನಾಲ್ಕು ಜನಕ್ಕೆ ತೋರಿಸಿ ನನ್ನ ಮಾನ ಕಳೆಯುತ್ತೀರೇನೋ ಎಂಬ ಗುಮಾನಿ, ನೋಡಿ, ಈಗಲೂ ಬಿಟ್ಟಿಲ್ಲ.

ತೋರಿಸಿ, ಶರಣಪ್ಪನವರೇ.