ಸೀಸದ ಹದ

ವಾರದ ರಜೆ ಶುಕ್ರವಾರ ಬರುತ್ತಿದ್ದ ಕಾಲ ಅದು. ಅಬುಧಾಬಿಯ ಖಲೀಫಾ ಸಿಟಿಯಲ್ಲಿ ಒಂದು ವಿಲ್ಲಾಕ್ಕೆ ಪ್ಲೈವುಡ್ ಗೋಡೆ ಹಾಕಿ ಐದಾರು ಸಂಸಾರಗಳಿಗೆ ಹಂಚಿದ್ದರು. ನಮಗೆ ಒಂದೇ ಕೋಣೆ. ಅಪ್ಪ, ಅಮ್ಮ, ತಂಗಿ, ನಾನು ಸಾಲಾಗಿ ಮಲಗಿದರೆ ಬಾಗಿಲು ತೆರೆಯಲು ಜಾಗವಿರುತ್ತಿರಲಿಲ್ಲ. ಆದರೂ ನಾವು ಅದೃಷ್ಟವಂತರು. ಅಪ್ಪನ ಗೆಳೆಯರಲ್ಲಿ ಹೆಚ್ಚಿನವರ ಹೆಂಡತಿ ಮಕ್ಕಳು ಊರಿನಲ್ಲಿದ್ದರು, ಅವರು ಮಾತ್ರ ಇಲ್ಲಿ ಕೆಲಸಗಾರರ ಕ್ಯಾಂಪಿನ ಬಂಕ್ ಮಂಚಗಳಲ್ಲಿದ್ದರು.

ಚಳಿಗಾಲ ಶುರುವಾಯಿತೆಂದರೆ ಶುಕ್ರವಾರ ಬೆಳಿಗ್ಗೆ ಅಪ್ಪ ಗೆಳೆಯರ ಜೊತೆ ಸಮುದ್ರದ ಬಂಡೆಗಳ ಮೇಲೆ ಕೂತು ಗಾಳ ಹಾಕುತ್ತಿದ್ದರು. ಮಧ್ಯಾಹ್ನ ಖುಬ್ಬೂಸ್ ರೊಟ್ಟಿಯ ಜೊತೆ ಶೇರಿ ಮೀನಿನ ಗಸಿ. ಗಾಳದ ದಾರ ನೀರಿಗಿಳಿಯಲು ಕಟ್ಟುವ ಸೀಸದ ಗುಂಡುಗಳನ್ನು ಇಡೀ ಗುಂಪಿಗೆ ಎರಕ ಹೊಯ್ದು ಕೊಡುವವರು ನಮ್ಮಪ್ಪ. ಅವರು ಕೆಲಸಕ್ಕಿದ್ದ ಟೈರ್ ಅಂಗಡಿಯಲ್ಲಿ ಚಕ್ರದ ತೂಕ ಸರಿಮಾಡಲು ಅಂಟಿಸುವ ಸೀಸದ ತುಂಡುಗಳು ಹಳತಾದರೆ ಕಸಕ್ಕೆ ಹೋಗುತ್ತಿದ್ದವು. ಅವನ್ನೇ ತಂದು, ಗುರುವಾರ ಸಂಜೆ ಅಂಗಳದಲ್ಲಿ ಸಣ್ಣ ಗ್ಯಾಸ್ ಒಲೆ ಹಚ್ಚಿ, ನೆಗ್ಗಿದ ಬಾಣಲೆಯಲ್ಲಿ ಕರಗಿಸುತ್ತಿದ್ದರು.

ಕರಗಿದ ಕೂಡಲೇ ಹೊಯ್ಯುವಂತಿಲ್ಲ. ಆಗ ಸೀಸ ಅಚ್ಚಿನ ಮೂಲೆ ಮುಟ್ಟುವ ಮೊದಲೇ ಗಟ್ಟಿಯಾಗಿ ಗುಂಡಿಗೆ ಸುಕ್ಕು ಬೀಳುತ್ತದೆ. ಹೆಚ್ಚು ಕಾದರೆ ಮೇಲೆ ಹಳದಿ, ನೇರಳೆ ಬಣ್ಣದ ಪೊರೆ ಕಟ್ಟುತ್ತದೆ. ಗುಂಡು ಹೊಳಪಿಲ್ಲದೆ ಬೂದಿ ಬಳಿದ ಹಾಗೆ ಬರುತ್ತದೆ. ಇವೆರಡರ ನಡುವಿನ ಹದ ನೋಡಲು ಅಪ್ಪನಿಗಿದ್ದದ್ದು ಐಸ್‌ಕ್ಯಾಂಡಿ ಕಡ್ಡಿ. ಅದ್ದಿದ ತುದಿ ಮೆಲ್ಲನೆ ಕಂದು ಬಣ್ಣಕ್ಕೆ ತಿರುಗಿದರೆ ಸರಿ. ಕಪ್ಪಾಗಿ ಹೊಗೆಯಾಡಿದರೆ ಉರಿ ತಗ್ಗಿಸಬೇಕು.

"ನಿನ್ನಮ್ಮ ಬೆಲ್ಲದ ಪಾಕಕ್ಕೆ ಎಳೆ ನೋಡುದಿಲ್ವಾ ಮಗಾ, ಇದೂ ಹಾಗೆಯೇ."

"ನನ್ನ ಪಾಕದಲ್ಲಿ ಉಂಡೆ ಆಗ್ತದೆ," ಅಮ್ಮ ಬಾಗಿಲಿನಿಂದಲೇ ಹೇಳುತ್ತಿದ್ದಳು. "ನಿಮ್ಮ ಪಾಕದ ಹೊಗೆ ಕುಡಿದ್ರೆ ಎಂತ ಆಗ್ತದೆ ಅಂತ ಒಮ್ಮೆ ಡಾಕ್ಟ್ರ ಹತ್ರ ಕೇಳಿ."

ಅಮ್ಮನ ಮಾತಿಗೆ ಕಾರಣವಿತ್ತು. ಅಂಗಳಕ್ಕೆ ಕಿಟಕಿಯಿದ್ದ ಕೋಣೆಯಲ್ಲಿ ನಾವೆಲ್ಲ ಚೇಚಿ, ಅಂದರೆ ಅಕ್ಕ, ಎನ್ನುತ್ತಿದ್ದ ಮಲಯಾಳಿ ಹೆಂಗಸೊಬ್ಬಳಿದ್ದಳು. ಅವಳ ಕೂಸಿಗೆ ಉಬ್ಬಸ. ಹೊಗೆಯ ಬಗ್ಗೆ ಅವಳು ಒಮ್ಮೆ ದೂರಿಯಾಗಿತ್ತು. ಇನ್ನೊಮ್ಮೆ ದೂರು ಬಂದರೆ ಕೋಣೆ ಖಾಲಿ ಮಾಡಿಸುತ್ತೇನೆಂದು ವಿಲ್ಲಾದ ಮಾಲೀಕ ಕಾವಲಿನ ಖಾನ್ ಭಾಯ್ ಮೂಲಕ ಹೇಳಿ ಕಳಿಸಿದ್ದ. ಕೋಣೆ ಹೋದರೆ ನಾವು ಊರಿಗೆ, ಅಪ್ಪ ಕ್ಯಾಂಪಿಗೆ. ಇದು ನಮ್ಮ ಮನೆಯಲ್ಲಿ ತಂಗಿಗೂ ಗೊತ್ತಿತ್ತು.

ಆ ಗುರುವಾರ ತಣ್ಣನೆಯ ಗಾಳಿ ಬೀಸುತ್ತಿತ್ತು. ಅಚ್ಚು ಬಿಸಿ ಹಿಡಿಯುತ್ತಿರಲಿಲ್ಲ. ಮೊದಲ ಗುಂಡುಗಳೆಲ್ಲ ಸುಕ್ಕುಸುಕ್ಕಾಗಿ ಬಂದವು. ಗಾಳದ ಗುಂಪಿನ ಜಗ್ಗಣ್ಣ ಒಂದನ್ನು ಎತ್ತಿ ತಿರುಗಿಸಿ ನೋಡಿದ.

"ಎಂತ ಮಾರಾಯಾ, ನಿನ್ನ ಗುಂಡಿಗೂ ಪ್ರಾಯ ಆಯ್ತಾ? ಅಜ್ಜನ ಕೆನ್ನೆ ಇದ್ದ ಹಾಗೆ ಉಂಟು."

ಅಪ್ಪ ನಗಲಿಲ್ಲ. ಒಲೆಯ ಉರಿಯನ್ನು ಪೂರ್ತಿ ಏರಿಸಿದರು. ಸ್ವಲ್ಪ ಹೊತ್ತಿಗೆ ನಾನು ಕಡ್ಡಿ ಅದ್ದಿದೆ. ತುದಿ ಕಪ್ಪಾಗಿ ಹೊಗೆ ಎದ್ದಿತು.

"ಅಪ್ಪಾ, ಜಾಸ್ತಿ ಆಯ್ತು."

"ಗಾಳಿ ಉಂಟಲ್ಲ, ಅಷ್ಟು ಬೇಕಾಗ್ತದೆ. ನೀನು ಆಚೆ ನಿಲ್ಲು."

ಯಾವಾಗಲೂ ತುಂಡುಗಳ ಹಿಂದಿನ ಅಂಟುಪಟ್ಟಿ ಕೆರೆದೇ ಹಾಕುವ ಮನುಷ್ಯ, ಆ ದಿನ ಅವಸರದಲ್ಲಿ ಒಂದು ಮುಷ್ಟಿಯನ್ನು ಹಾಗೆಯೇ ಬಾಣಲೆಗೆ ಸುರಿದರು. ಸುಟ್ಟ ರಬ್ಬರಿನ ವಾಸನೆಯ ಕಪ್ಪು ಹೊಗೆ ಎದ್ದು ನೇರ ಆ ಕಿಟಕಿಗೆ ನುಗ್ಗಿತು. ಕೂಸು ಕೆಮ್ಮತೊಡಗಿತು. ನಿಲ್ಲಲೇ ಇಲ್ಲ. ಚೇಚಿ ಕೂಸನ್ನು ಹೆಗಲಿಗೆ ಹಾಕಿಕೊಂಡು ಹೊರಗೆ ಬಂದಳು. ಬೈಯಲಿಲ್ಲ. ಅಪ್ಪನನ್ನು ಒಮ್ಮೆ ನೋಡಿ ಖಾನ್ ಭಾಯ್ ಕೂರುವ ಗೇಟಿನ ಕಡೆ ನಡೆದಳು.

ಮರುದಿನ ಖಾನ್ ಭಾಯ್ ಬಂದ. ಒಳ್ಳೆಯ ಮನುಷ್ಯ. "ಭಾಯ್, ಬೆಹನ್ ಕೋ ಸಾರಿ ಬೋಲ್ ದೋ, ಖಲಾಸ್," ಎಂದ. ಚೇಚಿಯ ಹತ್ತಿರ ಸಾರಿ ಹೇಳಿ ಮುಗಿಸಿದರೆ ಮಾಲೀಕನ ಕಿವಿಗೆ ಹಾಕುವುದಿಲ್ಲವೆಂದೂ ಹೇಳಿದ.

"ಹೋಗಿ ಬನ್ನಿ," ಎಂದಳು ಅಮ್ಮ. "ಒಂದು ಮಾತಲ್ವಾ? ಬೇಕಾದ್ರೆ ನಾನೂ ಬರ್ತೇನೆ."

"ನನ್ನ ಹದ ತಪ್ಪಿರ್ಲಿಲ್ಲ. ಗಾಳಿ ತಿರುಗಿದ್ದಕ್ಕೆ ನಾನೆಂತ ಮಾಡ್ಲಿ?"

ಹಿಂದಿನ ಸಂಜೆ ಹೊಯ್ದ ಗುಂಡುಗಳು ಬೂದಿ ಬಣ್ಣಕ್ಕೆ ತಿರುಗಿ ಮೂಲೆಯ ಬಕೆಟಿನಲ್ಲಿ ಬಿದ್ದಿದ್ದವು. ಅದರ ಅರ್ಥ ಅಪ್ಪನಿಗಿಂತ ಚೆನ್ನಾಗಿ ಬಲ್ಲವರು ಆ ವಿಲ್ಲಾದಲ್ಲಿ ಇರಲಿಲ್ಲ. ಅವರು ಆ ಕಡೆ ನೋಡಲೇ ಇಲ್ಲ.

ಅಮ್ಮ ಒಬ್ಬಳೇ ಹೋದಳು. ಚೇಚಿ ಕೈ ಹಿಡಿದು ಕೂರಿಸಿದಳಂತೆ. ಅವಳ ಗಂಡ ಮಾತ್ರ, "ಮಾಡಿದವರು ಬರಲಿ," ಎಂದನಂತೆ. ಅಪ್ಪ ಹೋಗಲಿಲ್ಲ. ತಂಗಿ ವಾರವಿಡೀ, "ಅಪ್ಪಾ, ಪ್ಲೀಸ್, ಜಸ್ಟ್ ಸೇ ಸಾರಿ," ಎನ್ನುತ್ತಿದ್ದಳು. ದೂರು ಮಾಲೀಕನಿಗೆ ಮುಟ್ಟಿತು, ತಿಂಗಳ ಕೊನೆಗೆ ಕೋಣೆ ಬಿಡಬೇಕಾಯಿತು. ನನ್ನ ಪರೀಕ್ಷೆಗೂ ಕಾಯದೆ ನಾವು ಮೂವರು ಊರಿನ ವಿಮಾನ ಹತ್ತಿದೆವು.

ಊರಿನ ಶಾಲೆಗೆ ನಾನು ಹೊಂದಿಕೊಳ್ಳಲಿಲ್ಲ. ಹತ್ತನೆಯದಕ್ಕೆ ಮೊದಲೇ ಬಿಟ್ಟು ಗ್ಯಾರೇಜು ಸೇರಿದೆ. ಅದಕ್ಕೆ ನಾಚಿಕೆಯಿಲ್ಲ, ಅಂದಿನಿಂದ ಇಂದಿನವರೆಗೆ ದುಡಿದೇ ತಿಂದಿದ್ದೇನೆ. ಈಗ ಮತ್ತೆ ಗಲ್ಫಿಗೆ ಬಂದು ಅಲ್ ಐನ್‌ನಲ್ಲಿ ನಾನೂ ಟೈರ್ ಕೆಲಸದವನೇ. ಅಪ್ಪನನ್ನು ದೂರಲು ಬಾಯಿ ಬರುವುದಿಲ್ಲ. ಅವರು ಆಡದೆ ಉಳಿಸಿಕೊಂಡ ಆ ಒಂದು ಮಾತು ನನ್ನ ಬಾಯಿಂದಲೂ ಸುಲಭಕ್ಕೆ ಹೊರಡುವುದಿಲ್ಲ.

ಅದರಿಂದ ಏನು ಹೋಯಿತೆಂದು ಕೇಳಿದರೆ ನನಗೆ ನೆನಪಾಗುವುದು ಅಪ್ಪ ಎರಡು ವರ್ಷದ ಮೇಲೆ ಮೊದಲ ಸಲ ರಜೆಗೆ ಬಂದ ದಿನ. ತಂದ ಚಾಕಲೇಟನ್ನು ತಂಗಿ ಥ್ಯಾಂಕ್ಸ್ ಹೇಳಿ ತೆಗೆದುಕೊಂಡಳು, ನೆಂಟರ ಕೈಯಿಂದ ತೆಗೆದುಕೊಂಡ ಹಾಗೆ. ಊಟಕ್ಕೆ ಕೂತಾಗ ಅಮ್ಮನ ಕಿವಿಯಲ್ಲಿ, "ಅಪ್ಪ ಯಾವಾಗ ವಾಪಸ್ ಹೋಗುದು?" ಎಂದು ಕೇಳಿದಳು. ಮೆಲ್ಲನೆ ಕೇಳಿದ್ದಳು, ಆದರೂ ಎಲ್ಲರಿಗೂ ಕೇಳಿಸಿತು. ಅಪ್ಪ ತಲೆ ತಗ್ಗಿಸಿ, ಮೀನಿನ ಮುಳ್ಳು ಬಿಡಿಸಿ ಅವಳ ತಟ್ಟೆಗೆ ಹಾಕಿದರು. ಅವಳಾಗಲೇ ತಾನೇ ಮುಳ್ಳು ಬಿಡಿಸಿ ತಿನ್ನುವುದನ್ನು ಕಲಿತಿದ್ದಳು.